ತಿಮ್ಮ: ಅಂಕಿತದಿಂದ ರೂಢಿಗೆ, ರೂಢಿಯಿಂದ ಅಂಕಿತಕ್ಕೆ

ನಮ್ಮ ವ್ಯಾಕರಣವು ರೂಢನಾಮವನ್ನೂ ಅಂಕಿತನಾಮವನ್ನೂ ಬೇರೆಬೇರೆಯಾಗಿ ಎಣಿಸುತ್ತದೆ. ‘ನದಿ’ ರೂಢನಾಮ, ‘ಕಾವೇರಿ’ ಅಂಕಿತನಾಮ. ಆಡುಮಾತು ಈ ಎಲ್ಲೆಯನ್ನು ಸದಾ ಪಾಲಿಸುವುದಿಲ್ಲ. ಒಬ್ಬನನ್ನು ಗುರುತಿಸಲೆಂದು ಇಟ್ಟ ಹೆಸರು ಕಾಲಕ್ರಮದಲ್ಲಿ ಒಂದು ಬಗೆಯ ಜನರೆಲ್ಲರಿಗೂ ಅಂಟುವ ಮಾತಾಗುವುದುಂಟು. ‘ತಿಮ್ಮ’ ಎಂಬುದು ಹಾಗೆ ‘ಪೆದ್ದ’ ಎಂಬುದಕ್ಕೆ ಪರ್ಯಾಯವಾಗಿ ಬಳಕೆಗೆ ಬಂದುದನ್ನು ಕನ್ನಡಿಗರು ಬಲ್ಲರು.

ಈ ಹೆಸರಿನ ಮೂಲ ಹೀನವಾದುದಲ್ಲ. ‘ತಿರುಮಲ’ ಎಂಬುದೇ ಜನರ ಬಾಯಲ್ಲಿ ‘ತಿಮ್ಮ’ ಆಯಿತೆಂದು ಹೇಳುವರು. ತಿರುಪತಿಯ ಸ್ವಾಮಿ ಇಂದಿಗೂ ನಮಗೆ ತಿಮ್ಮಪ್ಪನೇ. ಕೃಷ್ಣದೇವರಾಯನ (1509–1529) ಮಹಾಮಂತ್ರಿ ಸಾಳುವ ತಿಮ್ಮರಸು. ಕುಮಾರವ್ಯಾಸನು ಉಳಿಸಿದ ಭಾರತವನ್ನು ಕನ್ನಡದಲ್ಲಿ ಪೂರೈಸಿದವನು ಅದೇ ರಾಯನ ಆಶ್ರಯದಲ್ಲಿದ್ದ ತಿಮ್ಮಣ್ಣಕವಿ. ದೇವರಿಗೂ ಮಂತ್ರಿಗೂ ಕವಿಗೂ ಒಪ್ಪಿದ ಹೆಸರು ಪೆದ್ದನ ಪಾಲಿಗೆ ಬಂದುದೇಕೆ?

ತೀರ ಸಾಮಾನ್ಯವಾದುದರಿಂದ ಸವೆಯಿತು ಎಂಬುದು ಸುಲಭವಾದ ಉತ್ತರ. ಅಷ್ಟು ಸಾಲದು. ತಿಮ್ಮಪ್ಪ, ತಿಮ್ಮಯ್ಯ ಎಂಬವೂ ಅಪರೂಪದ ಹೆಸರುಗಳಲ್ಲ. ಅವುಗಳಿಗೆ ಕುಂದು ತಟ್ಟಲಿಲ್ಲ. 1957ರಿಂದ 1961ರವರೆಗೆ ಭೂಸೇನೆಯ ಮುಖ್ಯಸ್ಥರಾಗಿದ್ದ ಜನರಲ್ ತಿಮ್ಮಯ್ಯನವರ ಹೆಸರು ಕೇಳಿದರೆ ಗೌರವವೇ ಮೂಡುತ್ತದೆ. ಆದುದರಿಂದ ಕೆಳಗಿಳಿದುದು ಹೆಸರಲ್ಲ. ‘ಅಪ್ಪ’, ‘ಅಯ್ಯ’, ‘ಅರಸು’ಗಳನ್ನು ಕಳಚಿ ಕೂಗುವ ರೀತಿ. ತಾಯಿ ಹಾಗೆ ಕರೆದರೆ ಮುದ್ದು. ಧಣಿ ಕರೆದರೆ ತಾತ್ಸಾರ. ರೂಢಿಯಲ್ಲಿ ನೆಲೆನಿಂತುದು ಧಣಿಯ ಕೂಗು.

ಮುಂಬಯಿಯ ಕನ್ನಡಿಗರಿಗೆ ಇದರ ಜೋಡಿ ದೃಷ್ಟಾಂತ ಬೀದಿಯಲ್ಲೇ ದೊರೆಯುತ್ತದೆ. ಇಲ್ಲಿ ಪೊಲೀಸು ಪೇದೆಯನ್ನು ಹಗುರವಾಗಿ ‘ಪಾಂಡು’ ಎನ್ನುತ್ತಾರೆ. 1975ರ ‘ಪಾಂಡು ಹವಾಲ್ದಾರ್’ ಎಂಬ ದಾದಾ ಕೋಂಡ್ಕೆಯವರ ಮರಾಠಿ ಚಿತ್ರ ಈ ಹೆಸರನ್ನು ಮನೆಮಾತಾಗಿಸಿತು. ಗುಜರಾತಿ ಮನೆಗಳಲ್ಲಿ ಆಳಿಗೆ ‘ರಾಮೋ’ ಎಂಬ ಮಾತುಂಟು. ಪಾಂಡುರಂಗನಾದರೋ ಪಂಢರಾಪುರದ ದೇವರು. ನಮ್ಮ ದಾಸರ ಕೀರ್ತನೆಗಳಲ್ಲಿ ಅಂಕಿತವಾಗಿ ನಿಂತ ವಿಠಲನೇ ಅವನು. ಭಕ್ತಿಯಿಂದ ಬಡವರು ಮಕ್ಕಳಿಗೆ ದೇವರ ಹೆಸರಿಟ್ಟರು. ಊಳಿಗ ಮಾಡಿಸಿಕೊಂಡವರು ಅದನ್ನು ಊಳಿಗದ ಹೆಸರಾಗಿಸಿದರು. ಇದನ್ನು ಬರಿಯ ವಿನೋದವೆನ್ನಲಾಗದು. ಪೇದೆಯ ಎದೆಯ ಮೇಲಿನ ಫಲಕದಲ್ಲಿ ಅವನದೇ ಹೆಸರಿರುತ್ತದೆ. ‘ಪಾಂಡು’ ಎಂದವನಿಗೆ ಅದನ್ನು ಓದುವ ಅಗತ್ಯವೇ ತೋರುವುದಿಲ್ಲ.

ಹೀಗೆ ಇಳಿದ ಮಾತನ್ನು ಸಾಹಿತ್ಯವು ಮೇಲೆತ್ತಬಲ್ಲುದೆ? ಕನ್ನಡದಲ್ಲಿ ಎತ್ತಿದೆ. ಬೀಚಿಯವರ ತಿಮ್ಮನು ಪೆದ್ದನಂತೆ ಮಾತಾಡಿಯೇ ಜಾಣರ ಸೋಗನ್ನು ಬಯಲಿಗೆಳೆದನು. ಡಿ.ವಿ.ಜಿ.ಯವರು ಇನ್ನೂ ದೂರ ಹೋದರು. 1943ರಲ್ಲಿ ಪ್ರಕಟವಾದ ‘ಮಂಕುತಿಮ್ಮನ ಕಗ್ಗ’ದಲ್ಲಿ ಅವರು ‘ತಿಮ್ಮ’ನಿಗೆ ‘ಅಪ್ಪ’ನನ್ನು ಮರಳಿ ಸೇರಿಸಲಿಲ್ಲ; ಬದಲಿಗೆ ‘ಮಂಕು’ ಎಂಬುದನ್ನು ಜೋಡಿಸಿ, ಬೈಗುಳವನ್ನು ಪೂರ್ತಿಮಾಡಿ, ಪದ್ಯಗಳ ಕೊನೆಗೆ ನಿಲ್ಲಿಸಿದರು. ಅಲ್ಲಿ ಕರೆಯುವ ಧಣಿಯಿಲ್ಲ. ಕವಿ ತನ್ನನ್ನೇ ಕರೆದುಕೊಳ್ಳುತ್ತಾನೆ. ಓದುವವನೂ ತನ್ನನ್ನೇ ಕರೆದರೆಂದು ಓಗೊಡುತ್ತಾನೆ. ವಚನಕಾರರೂ ದಾಸರೂ ಇಷ್ಟದೈವವನ್ನು ನಿಲ್ಲಿಸಿದ ಸ್ಥಾನದಲ್ಲಿ ಪೆದ್ದನ ಹೆಸರು ಬಂದಿತೆಂದು ಮೇಲ್ನೋಟಕ್ಕೆ ಅಚ್ಚರಿಯಾಗಬಹುದು. ಹೆಸರಿನ ಮೂಲವನ್ನು ನೆನೆದರೆ ಅಲ್ಲಿರುವುದು ತಿರುಮಲೆಯ ದೈವವೇ. ಅವರ ನಿಧನಾನಂತರ ಪ್ರಕಟವಾದ ‘ಮರುಳ ಮುನಿಯನ ಕಗ್ಗ’ದಲ್ಲಿಯೂ ಹಳ್ಳಿಗರ ‘ಮುನಿಯ’ನಿಗೆ ಇದೇ ಗೌರವ ದೊರೆಯಿತು.

ನಿಘಂಟುಕಾರರು ಇಂಥ ಮಾತುಗಳಿಗೆ ಅರ್ಥವನ್ನಷ್ಟೆ ಬರೆದರೆ ಸಾಲದು. ಯಾರು ಯಾರನ್ನು ಹಾಗೆ ಕರೆದರು ಎಂಬುದನ್ನೂ ದಾಖಲಿಸಬೇಕು. ಆ ಪದದ ಚರಿತ್ರೆ ಇರುವುದು ಅಲ್ಲಿ.