ಮೆಟ್ಟಿಲು ಬಿಟ್ಟು ಹಿತ್ತಲಿಗೆ

ಚಾರ್ಲ್‌ಸ್ಟನ್ ನಗರದ ಮೀಟಿಂಗ್ ಸ್ಟ್ರೀಟಿನಲ್ಲಿರುವ 51ನೇ ನಂಬರಿನ ಮನೆಯ ಮೆಟ್ಟಿಲಿನ ಬಗ್ಗೆ ಈ ವಾರ ಬರೆಯುತ್ತೇನೆಂದು ಹೇಳಿದ್ದೆ. ವ್ಯಾಪಾರಿ ನ್ಯಾಥನಿಯಲ್ ರಸೆಲ್ 1808ರಲ್ಲಿ ಕಟ್ಟಿ ಮುಗಿಸಿದ ಮನೆ ಅದು. ಕಣ್ಣಿಗೆ ಕಾಣುವ ಒಂದು ಆಸರೆಯೂ ಇಲ್ಲದೆ ಮೆಟ್ಟಿಲು ಮೂರು ಅಂತಸ್ತು ಸುತ್ತಿಕೊಂಡು ಮೇಲೇರುತ್ತದೆ. ಮರಗೆಲಸ ಬಲ್ಲವರು ಅದರ ಬುಡದಲ್ಲಿ ನಿಂತರೆ ಬೇಗ ಕದಲುವುದಿಲ್ಲ. ಅಮೆರಿಕದ ದಕ್ಷಿಣ ರಾಜ್ಯಗಳ ಹಳೆಯ ಮನೆಗಳನ್ನು ಕುರಿತ ಯಾವ ಪುಸ್ತಕ ತೆರೆದರೂ ಅದರ ಚಿತ್ರ ಇದ್ದೇ ಇರುತ್ತದೆ.

ಆದರೆ ಅದೇ ಮನೆಯ ಹಿಂದಿನ ಅಡುಗೆ ಕಟ್ಟಡದ ಸಂಗತಿ ನನ್ನನ್ನು ಬಿಡುತ್ತಿಲ್ಲ. ಈಚಿನ ವರ್ಷಗಳಲ್ಲಿ ಸಂರಕ್ಷಣೆಯವರು ಅದರ ಗೋಡೆ ಬಿಚ್ಚಿದಾಗ ಒಳಗೆ ಇಲಿಗಳ ಹಳೆಯ ಗೂಡುಗಳಿದ್ದವು. ಇಲಿ ತಾನು ಕಚ್ಚಿ ತಂದದ್ದನ್ನೆಲ್ಲ ಕೂಡಿಡುವ ಪ್ರಾಣಿ. ಬಟ್ಟೆಯ ಚಿಂದಿ, ಗುಂಡಿ, ಗುಂಡುಸೂಜಿಗಳ ನಡುವೆ ಅಕ್ಷರ ಕಲಿಯುವ ಪುಸ್ತಕದ ಒಂದು ಚೂರೂ ಸಿಕ್ಕಿತು. ಆ ಕಟ್ಟಡದಲ್ಲಿ ದುಡಿಯುತ್ತಿದ್ದವರು, ಮಲಗುತ್ತಿದ್ದವರು ಗುಲಾಮರು. ಗುಲಾಮರಿಗೆ ಬರೆಯಲು ಕಲಿಸುವುದು ಚಾರ್ಲ್‌ಸ್ಟನ್ ಇರುವ ಸೌತ್ ಕ್ಯಾರೊಲಿನಾದಲ್ಲಿ 1740ರಿಂದಲೇ ಅಪರಾಧ. 1834ರಲ್ಲಿ ಓದಲು ಕಲಿಸುವುದೂ ಅಪರಾಧವಾಯಿತು. ಮೆಟ್ಟಿಲಿನ ಬಗ್ಗೆ ನೂರು ವರ್ಷದಿಂದ ಬರೆದಿದ್ದಾರೆ, ಇನ್ನೂ ಬರೆಯುತ್ತಾರೆ. ಯಾರೋ ಬಚ್ಚಿಟ್ಟುಕೊಂಡು ಓದಿರಬಹುದಾದ ಪುಟದ ಚೂರಿನ ಮುಂದೆ ಅದು ಒಂದು ವಾರ ಕಾಯಲಿ.

ರಸೆಲ್ ಸಂಪಾದಿಸಿದ್ದು ಯಾವುದರಿಂದ ಎಂಬುದನ್ನೂ ಹೇಳಿಬಿಡಬೇಕು. ಅವನು ರೋಡ್ ಐಲೆಂಡ್‌ನಿಂದ ಬಂದವನು. ಅವನ ಸರಕುಗಳಲ್ಲಿ ಮನುಷ್ಯರೂ ಇದ್ದರು. ಆಫ್ರಿಕಾದಿಂದ ಗುಲಾಮರನ್ನು ತರುವುದರ ಮೇಲೆ ಅಮೆರಿಕ ಹಾಕಿದ ನಿಷೇಧ ಜಾರಿಗೆ ಬಂದದ್ದು 1808ರ ಜನವರಿ 1ರಂದು. ಅವನ ಮನೆ ಪೂರ್ತಿಯಾದದ್ದೂ ಅದೇ ವರ್ಷ.

ಚಾರ್ಲ್‌ಸ್ಟನ್ನಿನ ಮನೆಗಳ ನಕ್ಷೆ ಈ ಅಂಕಣದ ಓದುಗರಿಗೆ ಗೊತ್ತೇ ಇದೆ: ಒಂದೇ ಕೋಣೆಯಷ್ಟು ಅಗಲದ ಮೈ, ಬೀದಿಗೆ ಕಿರಿದಾದ ಪಕ್ಕ, ಉದ್ದಕ್ಕೂ ತೆಂಕಣಕ್ಕೋ ಪಡುವಣಕ್ಕೋ ತೆರೆದ ಪಿಯಾಜಾ. ಬೀದಿಯ ಬಾಗಿಲು ತೆರೆದರೆ ಸಿಗುವುದು ಮನೆಯಲ್ಲ, ಆ ಜಗಲಿ. ಕಡಲ ಗಾಳಿಗೆ ಮಾಡಿಕೊಂಡ ಈ ಏರ್ಪಾಟನ್ನು ಎಲ್ಲರೂ ಹೊಗಳುತ್ತಾರೆ, ನಾನೂ ಹೊಗಳಿದ್ದೇನೆ. ನಕ್ಷೆಯ ಉಳಿದರ್ಧ ಇರುವುದು ಹಿಂದೆ. ಅಡುಗೆಕಟ್ಟೆ, ಬಟ್ಟೆ ಒಗೆಯುವ ಕೋಣೆ, ಲಾಯ, ಅವುಗಳ ಮೇಲೆ ಆಳುಗಳ ಕೋಣೆಗಳು, ಎಲ್ಲವೂ ಅಂಗಳದ ಕಡೆಗೇ ಮುಖಮಾಡಿ, ಸುತ್ತ ಎತ್ತರದ ಗೋಡೆ ಹಾಕಿಕೊಂಡಿವೆ. ಕಿಂಗ್ ಸ್ಟ್ರೀಟಿನ 27ನೇ ನಂಬರಿನ ಮೈಲ್ಸ್ ಬ್ರೂಟನ್ ಮನೆಯ ಬೇಲಿಯ ಮೇಲೆ ಚೂಪಾದ ಕಬ್ಬಿಣದ ಮುಳ್ಳುಗಳ ಸಾಲಿದೆ. 1822ರಲ್ಲಿ ಡೆನ್ಮಾರ್ಕ್ ವೀಸಿ ಎಂಬ ಬಡಗಿ, ಲಾಟರಿಯಲ್ಲಿ ಗೆದ್ದ ಹಣದಿಂದ ತನ್ನನ್ನು ತಾನೇ ಬಿಡಿಸಿಕೊಂಡಿದ್ದವನು, ಗುಲಾಮರ ದಂಗೆ ಸಂಘಟಿಸಿದನೆಂಬ ಆರೋಪದ ಮೇಲೆ ಗಲ್ಲಿಗೇರಿದ. ಆ ಭೀತಿಯಲ್ಲಿ ಹಾಕಿಸಿದ ಮುಳ್ಳುಗಳು ಅವು. ಊರಿನ ಕಬ್ಬಿಣದ ಕುಸುರಿಯನ್ನು ಮೆಚ್ಚುವಾಗ ಈ ಮುಳ್ಳನ್ನೂ ಕಾಣಬೇಕು.

ನನ್ನ ಮೇಜಿನ ಮೇಲೆ ಸದಾ ಇರುವ ಪುಸ್ತಕ, ಆಲಿಸ್ ಹ್ಯೂಜರ್ ಸ್ಮಿತ್ ಮತ್ತು ಅವರ ತಂದೆ ಸೇರಿ 1917ರಲ್ಲಿ ತಂದ ‘ದ ಡ್ವೆಲಿಂಗ್ ಹೌಸಸ್ ಆಫ್ ಚಾರ್ಲ್‌ಸ್ಟನ್’. ಮಗಳ ಚಿತ್ರಗಳಲ್ಲಿ ಗಾರೆಯ ಮೇಲಿನ ಬಿಸಿಲು ಕೂಡ ಕೈಗೆ ಸಿಕ್ಕಂತಿದೆ. ಒಂದೊಂದು ಮನೆಯೂ ಯಾರಿಂದ ಯಾರಿಗೆ ಬಂತು ಎಂಬ ವಿವರ ಇನ್ನೊಂದು ಪುಸ್ತಕದಲ್ಲಿ ಇಷ್ಟು ಅಕ್ಕರೆಯಿಂದ ಬಂದಿಲ್ಲ. ಮನೆಗಳನ್ನು ನೋಡಲು ನನಗೆ ಕಲಿಸಿದ್ದೇ ಅದು. ಆದರೂ ಹೇಳುತ್ತೇನೆ, ಅದು ಕ್ರಯಪತ್ರವನ್ನು ಹಿಡಿದು ಮನೆಯ ಚರಿತ್ರೆ ಬರೆಯುವ ಪುಸ್ತಕ. ಕ್ರಯಪತ್ರದಲ್ಲಿ ಇರುವುದು ಕೊಂಡವರ, ಮಾರಿದವರ ಹೆಸರು. ಮನೆಯಲ್ಲಿ ಬಾಳಿದವರೆಲ್ಲರ ಹೆಸರು ಅಲ್ಲಿರುವುದಿಲ್ಲ.

ಚರ್ಚ್ ಸ್ಟ್ರೀಟಿನ 87ನೇ ನಂಬರನ್ನೇ ನೋಡಿ. ಭತ್ತದ ದೊಡ್ಡ ಜಮೀನ್ದಾರ ಡೇನಿಯಲ್ ಹೇವರ್ಡ್ 1772ರಲ್ಲಿ ಕಟ್ಟಿಸಿದ್ದು. ಮಗ ಥಾಮಸ್, ಸ್ವಾತಂತ್ರ್ಯ ಘೋಷಣೆಗೆ ಸಹಿ ಹಾಕಿದವರಲ್ಲಿ ಒಬ್ಬ. 1791ರಲ್ಲಿ ಅಧ್ಯಕ್ಷ ವಾಷಿಂಗ್ಟನ್ ಊರಿಗೆ ಬಂದಾಗ ಇಳಿದುಕೊಂಡದ್ದು ಇಲ್ಲೇ. ಅದಕ್ಕೇ ಮನೆಗೆ ಹೇವರ್ಡ್–ವಾಷಿಂಗ್ಟನ್ ಎಂಬ ಜೋಡಿ ಹೆಸರು. ಕೆಲವೇ ದಿನ ತಂಗಿದ ಅತಿಥಿಯ ಹೆಸರು ಬಾಗಿಲಿಗೆ ಬಂತು. 1794ರಲ್ಲಿ ಮನೆ ಕೊಂಡ ನ್ಯಾಯಾಧೀಶ ಗ್ರಿಮ್‌ಕೆಯ ಹೆಸರು ಬರಲಿಲ್ಲ. ಅವನ ಮಕ್ಕಳಾದ ಸಾರಾ ಮತ್ತು ಆಂಜಲಿನಾ ಮುಂದೆ ಉತ್ತರಕ್ಕೆ ಹೋಗಿ ಗುಲಾಮಗಿರಿಯ ವಿರುದ್ಧ ದೇಶವೇ ಕೇಳುವಂತೆ ಮಾತಾಡಿದರು, ಬರೆದರು. ಯಜಮಾನರ ಮನೆಯ ಹುಡುಗಿಯರಾಗಿ ಕಂಡದ್ದನ್ನೇ ಅವರು ಸಾಕ್ಷಿ ನುಡಿದದ್ದು. ನಂತರ ಆ ಮನೆಯ ಕೆಳ ಅಂತಸ್ತು ಬೇಕರಿಯಾಯಿತು. 1929ರಲ್ಲಿ ಚಾರ್ಲ್‌ಸ್ಟನ್ ಮ್ಯೂಸಿಯಂ ಅದನ್ನು ಕೊಂಡು ಉಳಿಸಿಕೊಂಡಿತು. ಮನೆಗೆ ಎರಡು ಹೆಸರೇ ಇರಬೇಕೆಂದರೆ ಎರಡನೆಯದು ಗ್ರಿಮ್‌ಕೆ ಆಗಬೇಕು.

ಇಲ್ಲಿ ಹೊಳಪಿನ ಪಂಥದವರ ಜೊತೆ ನನ್ನ ಹಳೆಯ ತಕರಾರನ್ನು ಮತ್ತೆ ಎತ್ತಬೇಕು. ಮನೆಯ ಆಯುಷ್ಯದಲ್ಲಿ ಒಂದು ಚೆಂದದ ವರ್ಷ ಆರಿಸಿಕೊಂಡು, ಆಮೇಲೆ ಬಂದದ್ದನ್ನೆಲ್ಲ ಕೆರೆದು, ಬಣ್ಣ ಬಳಿದು, ಬೀಟೆಯ ಮೇಜು ಹಾಕಿ ‘ಹೀಗಿತ್ತು’ ಎನ್ನುವುದು ಅವರ ಪದ್ಧತಿ. ಅವರಿಗೆ ಉತ್ತರ ಎಲಿಜಬೆತ್ ಸ್ಟ್ರೀಟಿನ 48ನೇ ನಂಬರಿನ ಏಕನ್–ರೆಟ್ ಮನೆ. 1820ರಲ್ಲಿ ವ್ಯಾಪಾರಿ ಜಾನ್ ರಾಬಿನ್ಸನ್ ಕಟ್ಟಿಸಿದ. ಐದು ಹಡಗು ಮುಳುಗಿ ಕೈಸೋತ ಮೇಲೆ ಅದು ಏಕನ್ ಕುಟುಂಬಕ್ಕೆ ಹೋಯಿತು. ಮಗ ವಿಲಿಯಂ ಏಕನ್ ಮುಂದೆ ಗವರ್ನರ್ ಆದ. ಜೆಹೋಸಿ ದ್ವೀಪದ ಅವನ ಭತ್ತದ ಗದ್ದೆಗಳಲ್ಲಿ ಸುಮಾರು 700 ಗುಲಾಮರು ದುಡಿಯುತ್ತಿದ್ದರು. 1975ರವರೆಗೂ ಮನೆ ಆ ವಂಶದ ಕೈಯಲ್ಲೇ ಇತ್ತು. 1995ರಿಂದ ಹಿಸ್ಟಾರಿಕ್ ಚಾರ್ಲ್‌ಸ್ಟನ್ ಫೌಂಡೇಶನ್ ಅದನ್ನು ಸಿಕ್ಕ ಸ್ಥಿತಿಯಲ್ಲೇ ಕಾಪಾಡಿದೆ. ಸುಲಿದ ಕಾಗದ ಸುಲಿದಂತೆಯೇ ಇದೆ, ಮಾಸಿದ ಪರದೆ ಮಾಸಿದಂತೆಯೇ ಇದೆ. ಕೆರೆಯದೆ ಬಿಟ್ಟದ್ದರಿಂದಲೇ ಹಿತ್ತಲಿನ ಆಳುಕೋಣೆಗಳ ಗೋಡೆಯಲ್ಲಿ ಹಳೆಯ ಬಣ್ಣ ಇನ್ನೂ ಉಳಿದಿದೆ. ಅಲ್ಲಿ ಬಾಳಿದವರ ಕೆಲವು ಹೆಸರುಗಳೂ ಉಳಿದಿವೆ: ಆನ್ ಗ್ರೆಗ್ಸ್, ಅವಳ ಮಗ ಹೆನ್ರಿ, ಡಾರ್ಕಸ್ ಮತ್ತು ಸ್ಯಾಂಬೋ ರಿಚರ್ಡ್‌ಸನ್ ದಂಪತಿ, ಅವರ ಮಕ್ಕಳು, ಬಡಗಿಗಳಾದ ವಿಲ್ ಮತ್ತು ಜೇಕಬ್. ನನ್ನ ಲೆಕ್ಕದಲ್ಲಿ ಇವರೂ ಆ ಮನೆಯವರೇ.

ಹೊಳಪನ್ನು ಹಳತೆಂದು ನಂಬುವುದು ಎಷ್ಟು ಸುಲಭ ಎಂಬುದಕ್ಕೆ ಈಸ್ಟ್ ಬೇ ಸ್ಟ್ರೀಟಿನ ರೇನ್‌ಬೋ ರೋ ಸಾಕ್ಷಿ. ಆ 13 ಮನೆಗಳ ತಿಳಿಬಣ್ಣ ವಸಾಹತು ಕಾಲದ್ದೆಂದೇ ಪ್ರವಾಸಿಗರ ನಂಬಿಕೆ. 1931ರಲ್ಲಿ ಡೊರೊತಿ ಲೆಗ್ ಎಂಬಾಕೆ ಪಾಳುಬಿದ್ದ ಮನೆ ಕೊಂಡು ಗುಲಾಬಿ ಬಣ್ಣ ಬಳಿಸಿದ್ದರಿಂದ ಅದು ಶುರುವಾಯಿತು. ಆಕೆ ಸಾಲನ್ನು ಉಳಿಸಿದರು, ಆ ಋಣ ದೊಡ್ಡದು. ಜೋಸೆಫ್ ಮ್ಯಾನಿಗಾಲ್ಟ್ ಮನೆಗೆ ಗಂಡಾಂತರ ಬಂದ 1920ರಲ್ಲಿ ಸೂಸನ್ ಪ್ರಿಂಗಲ್ ಫ್ರಾಸ್ಟ್ ಜನರನ್ನು ಕೂಡಿಸದಿದ್ದರೆ, 1931ರಲ್ಲಿ ನಗರ ತನ್ನ ಹಳೆಯ ಕೇರಿಗೆ ಕಾನೂನಿನ ಕಾವಲು ಹಾಕದಿದ್ದರೆ ಇಂದು ಬರೆಯಲು ಏನೂ ಇರುತ್ತಿರಲಿಲ್ಲ. ಉಳಿಸಿದವರಿಗೆ ಕೈಮುಗಿಯೋಣ. ಉಳಿದದ್ದನ್ನು ಪೂರ್ತಿ ಓದುವುದು ನಮ್ಮ ಪಾಲಿನ ಕೆಲಸ.

ಆ ಕೆಲಸ ನಮ್ಮ ಕರಾವಳಿಯಲ್ಲೂ ಬಾಕಿ ಇದೆ. 1801ರಲ್ಲಿ ಕೆನರಾ ಸೀಮೆಯಲ್ಲಿ ಓಡಾಡಿದ ಫ್ರಾನ್ಸಿಸ್ ಬುಕಾನನ್ ಇಲ್ಲಿನ ಜಮೀನುಗಳಲ್ಲಿ ದುಡಿಯುತ್ತಿದ್ದ ಗುಲಾಮರನ್ನು ಕಂಡು ಬರೆದಿಟ್ಟಿದ್ದಾನೆ. ನಮ್ಮ ಗುತ್ತಿನ ಮನೆಗಳ, ಚೌಕಿ ಮನೆಗಳ ಬಗ್ಗೆ ಬರುವ ಸ್ಮರಣ ಸಂಚಿಕೆಗಳಲ್ಲಿ ಕಂಬದ ಕೆತ್ತನೆಯಿದೆ, ವಂಶವೃಕ್ಷವಿದೆ, ಒಕ್ಕಲಿನವರಿಲ್ಲ, ಮೂಲದಾಳುಗಳಿಲ್ಲ. ದಾಖಲೆ ಇಲ್ಲ ಎನ್ನುವ ಮಾತನ್ನು ನಾನು ಒಪ್ಪುವುದಿಲ್ಲ. 1974ರ ಭೂಸುಧಾರಣೆಯ ನಂತರ ಗೇಣಿದಾರರು ಕೊಟ್ಟ ಫಾರಂ ನಂಬರ್ 7ರ ಅರ್ಜಿಗಳು ಇವೆ. ಉಳುವವನ ಹೆಸರು, ಗದ್ದೆಯ ಸರ್ವೆ ನಂಬರು, ಧಣಿಯ ಹೆಸರು ಒಂದೇ ಕಾಗದದಲ್ಲಿ ಸಿಗುತ್ತವೆ. ಗೇಣಿಯೂ ಇಲ್ಲದೆ ದುಡಿದವರ ಹೆಸರು ಅದರಲ್ಲೂ ಇರಲಾರದು; ಅದು ಹಿರಿಯರ ನೆನಪಿನಲ್ಲಿದೆ. ನಿಮ್ಮ ಮನೆಯ ಚರಿತ್ರೆ ಬರೆಸುವ ಯೋಚನೆಯಿದ್ದರೆ ಮೊದಲು ಆ ಅರ್ಜಿಗಳ ನಕಲು ತೆಗೆಸಿ, ಒಕ್ಕಲಿನ ಹಿರಿಯರು ಇರುವಾಗಲೇ ಅವರನ್ನು ಕೂರಿಸಿ ಕೇಳಿ, ಹೆಸರುಗಳನ್ನು ಬರೆದುಕೊಳ್ಳಿ. ಕಂಬದ ಫೋಟೋ ಆಮೇಲೆ ತೆಗೆಯಬಹುದು.