ಪೂರಿ ಉಬ್ಬಿತು, ಬೆಳಕೆಲ್ಲಿ?

‘ಮಿಷನ್ ಮಂಗಲ್’ ಬಂದದ್ದು 2019ರ ಆಗಸ್ಟ್ 15ಕ್ಕೆ. ಆಗ ಬೆಂಗಳೂರಲ್ಲಿ ನೋಡಿ ಖುಷಿಯಾಗೇ ಹೊರಬಂದಿದ್ದೆ. ಎರಡನೇ ಸಲ ನೋಡಿದ್ದು ಅಳವಂಡಿಯ ಮನೆಯ ಟಿವಿಯಲ್ಲಿ, ಪಿಯುಸಿ ಸೈನ್ಸ್ ಓದುವ ಅಕ್ಕನ ಮಗಳ ಜೊತೆ. ಮುಗಿದ ಮೇಲೆ ಅವಳು ಕೇಳಿದಳು: “ಮಾಮಾ, ಇವ್ರು ದಿನಾ ಆಫೀಸಿಗೆ ಹೋಗಿ ಏನ್ ಮಾಡ್ತಾರ?”

ಎರಡು ಗಂಟೆಯ ಸಿನಿಮಾದಲ್ಲಿ ಅದಕ್ಕೆ ಉತ್ತರವೇ ಇಲ್ಲ!

ಪೂರಿಯ ದೃಶ್ಯ ಎಲ್ಲರಿಗೂ ನೆನಪಿದೆ. ಗ್ಯಾಸ್ ಆರಿಸಿದರೂ ಕಾದ ಎಣ್ಣೆಯಲ್ಲಿ ಪೂರಿ ಉಬ್ಬುತ್ತದೆ, ಹಾಗೇ ಇಂಧನ ಉಳಿಸೋಣ ಅಂತಾಳೆ ವಿದ್ಯಾ ಬಾಲನ್. ಹೋಲಿಕೆ ಸಿನಿಮಾಕ್ಕೆ ನಡೀತದೆ, ನನ್ನ ತಕರಾರು ಅದರ ಮೇಲಲ್ಲ. (ಮಹಿಳಾ ವಿಜ್ಞಾನಿಗಳ ಕಥೆಯ ಪೋಸ್ಟರಿನಲ್ಲಿ ಅಕ್ಷಯ್ ಮುಖವೇ ದೊಡ್ಡದಾಗಿದ್ದದ್ದು ಬೇರೆ ಮಾತು.) ತಕರಾರು ಏನಂದರೆ, ಇಲ್ಲಿ ವಿಜ್ಞಾನ ಅಂದರೆ ಅಡುಗೆಮನೆಯಲ್ಲಿ ಥಟ್ಟನೆ ಹೊಳೆಯೋ ಐಡಿಯಾ. ಹೊಳೆದ ಮೇಲಿನ ವರ್ಷಗಳು ಒಂದು ಹಾಡಿನಲ್ಲಿ ಮುಗಿದುಹೋಗುತ್ತವೆ.

ಮಂಗಳಯಾನದಲ್ಲಿ ಐದು ಉಪಕರಣಗಳಿದ್ದವು. ಅದರಲ್ಲಿ ಲೈಮನ್ ಆಲ್ಫಾ ಫೋಟೋಮೀಟರ್ ತಯಾರಾದದ್ದು ಬೆಂಗಳೂರಿನ ಪೀಣ್ಯದಲ್ಲಿ, ಇಸ್ರೋದ ಬೆಳಕಿನ ಪ್ರಯೋಗಾಲಯ ‘ಲಿಯೋಸ್’ನಲ್ಲಿ. 1975ರ ಆರ್ಯಭಟ ಉಪಗ್ರಹ ಕಟ್ಟಿದ ಜಾಗವೇ ಅದು. ನಮ್ಮೂರಿನ ಎಷ್ಟೋ ಹುಡುಗರು ಪೀಣ್ಯದ ಕಾರ್ಖಾನೆಗಳಲ್ಲಿ ದುಡೀತಾರೆ. ಆ ಕಾಂಪೌಂಡಿನೊಳಗೆ ಏನು ನಡೀತದೆ ಅಂತ ಅವರಿಗೂ ಗೊತ್ತಿಲ್ಲ, ಮೊನ್ನೆಮೊನ್ನೆವರೆಗೆ ನನಗೂ ಗೊತ್ತಿರಲಿಲ್ಲ.

ಫೋಟೋಮೀಟರಿನ ತೂಕ ಎರಡು ಕೆಜಿಗೂ ಸ್ವಲ್ಪ ಕಡಿಮೆ. ಮಂಗಳನ ನೀರು ಎಲ್ಲಿ ಹೋಯಿತು ಅನ್ನೋದರ ಸುಳಿವು ಹುಡುಕೋದು ಅದರ ಕೆಲಸ. ಹಗುರ ಹೈಡ್ರೋಜನ್ ಬೇಗ ಹಾರಿಹೋಗುತ್ತದೆ, ಅದರ ಭಾರದ ಅಣ್ಣ ಡ್ಯೂಟೀರಿಯಂ ಹಿಂದೆ ಉಳಿಯುತ್ತದೆ. ಎರಡರ ಪ್ರಮಾಣ ನೋಡಿದರೆ ಎಷ್ಟು ನೀರು ಕಳೆದಿರಬಹುದು ಅಂತ ಅಂದಾಜು ಮಾಡಬಹುದು. ಆದರೆ ಇವೆರಡರ ಬೆಳಕಿನ ತರಂಗಾಂತರ ಹತ್ತತ್ತಿರ 121.6 ನ್ಯಾನೋಮೀಟರ್, ನಡುವಿನ ವ್ಯತ್ಯಾಸ ಬರೀ 0.03. ಬೇರ್ಪಡಿಸೋದು ಹೇಗೆ? ಬೆಳಕಿನ ದಾರಿಯಲ್ಲಿ ಎರಡು ಪುಟ್ಟ ಗಾಜಿನ ಕೋಶ, ಒಂದರಲ್ಲಿ ಹೈಡ್ರೋಜನ್, ಇನ್ನೊಂದರಲ್ಲಿ ಡ್ಯೂಟೀರಿಯಂ. ಒಳಗಿನ ಟಂಗ್‌ಸ್ಟನ್ ತಂತಿ ಕಾಯಿಸಿದರೆ ಅನಿಲ ಒಡೆದು ಪರಮಾಣುಗಳಾಗಿ ತನ್ನ ಬಣ್ಣದ ಬೆಳಕನ್ನು ತಾನೇ ನುಂಗುತ್ತದೆ. ತಂತಿ ಆರಿಸಿದರೆ ಬಿಟ್ಟುಕೊಡುತ್ತದೆ. ಆನ್, ಆಫ್, ಲೆಕ್ಕ. ಇನ್ನೊಂದು ಪೇಚು: ಈ ಬೆಳಕನ್ನು ಗಾಳಿಯೇ ಹೀರಿಬಿಡುತ್ತದೆ. ಹಾಗಾಗಿ ಭೂಮಿ ಮೇಲೆ ಪರೀಕ್ಷೆ ಮಾಡಬೇಕಂದರೆ ನಿರ್ವಾತ ಪೆಟ್ಟಿಗೆಯೊಳಗೇ ಮಾಡಬೇಕು.

ಪೂರಿಗಿಂತ ಇದೇನು ಕಡಿಮೆ ನಾಟಕವಾ? ತಂತಿ ಕೆಂಪಾಗೋ ಒಂದು ಶಾಟ್, ಅಂಕಿ ಇಳಿಯಿತಾ ಅಂತ ಕಣ್ಣು ನೆಟ್ಟು ಕೂತ ಒಂದು ಮುಖ ಇದ್ದಿದ್ದರೆ ಸಾಕಿತ್ತು.

ನಮಗೂ ಬಿಇ ಫಿಸಿಕ್ಸಿನಲ್ಲಿ ಲೇಸರ್, ಆಪ್ಟಿಕಲ್ ಫೈಬರ್ ಇತ್ತು. ಚಿತ್ರ ಬರೆದು ಮಾರ್ಕ್ಸ್ ತಗೊಂಡೆವು. ಅದನ್ನೇ ಮಾಡಿಕೊಂಡು ಸಂಬಳ ತಗೊಳ್ಳೋರು ಇದ್ದಾರೆ ಅಂತ ಅಂದುಕೊಂಡವರು ನಮ್ಮ ಬ್ಯಾಚಿನಲ್ಲಿ ಯಾರೂ ಇರಲಿಲ್ಲ. ಎಲ್ಲರೂ ಸಾಫ್ಟ್‌ವೇರಿಗೇ ಬಂದೆವು.

ಅಕ್ಕನ ಮಗಳಿಗೆ ಕೋಶದ ಚಿತ್ರ ಬರೆದು ತೋರಿಸಿದೆ. “ಈ ತಂತಿ ಹೊತ್ತಿಸೋರು ಫಿಸಿಕ್ಸ್ ಓದಿರ್ತಾರೋ, ಎಲೆಕ್ಟ್ರಾನಿಕ್ಸೋ?” ಅಂದಳು. ಇಬ್ಬರೂ ಬೇಕು ಅಂದೆ.