ಮೂರೂಮುಕ್ಕಾಲು ಗಳಿಗೆ

ಮಂಗಳೂರಿನ ಶಕ್ತಿನಗರದ ಓದುಗರೊಬ್ಬರ ಪ್ರಶ್ನೆ ಮೇಜಿನ ಮೇಲಿದೆ. ದುಬೈಯಲ್ಲಿರುವ ಮಗ ತಂದೆಯ ಅರುವತ್ತರ ಶಾಂತಿಗೆ ಹಳೆಯ ರೋಲೆಕ್ಸ್ ಜಿಎಂಟಿ-ಮಾಸ್ಟರ್ ಒಂದನ್ನು ತರುತ್ತೇನೆ ಎಂದಿದ್ದಾನಂತೆ. ಯಾವ ತಲೆಮಾರಿನದ್ದು ತರಲು ಹೇಳಲಿ ಎಂದು ಕೇಳಿದ್ದಾರೆ. ಈ ಪ್ರಶ್ನೆಗೆ ವ್ಯಾಪಾರಿಗಳೂ ಹರಾಜಿನವರೂ ಕೊಡುವ ಉತ್ತರ ಜಿನೀವಾದಲ್ಲಿ ಕುಳಿತವರಿಗೆ ಸರಿ, ಮಂಗಳೂರಿನಲ್ಲಿ ಕುಳಿತವರಿಗೆ ಸರಿಯಲ್ಲ. ಹಾಗಾಗಿ ಇದನ್ನು ಮುಂದೂಡಲು ಮನಸ್ಸಾಗಲಿಲ್ಲ.

ಈ ವಾಚಿನ ಮಾದರಿ ಸಂಖ್ಯೆಗಳ ವಂಶಾವಳಿ ಖಾಯಂ ಓದುಗರಿಗೆ ಬಾಯಿಪಾಠ. 1950ರ ದಶಕದ ನಡುವಿನಲ್ಲಿ ಪ್ಯಾನ್ ಅಮೆರಿಕನ್ ವಿಮಾನ ಕಂಪನಿಯ ಪೈಲಟ್‌ಗಳಿಗಾಗಿ ಬಂದ 6542, 1959ರಿಂದ 1980ರವರೆಗೆ ನಡೆದ 1675, ಎಂಬತ್ತರ ದಶಕದ 16750, 1983ರಲ್ಲಿ ಎರಡನೇ ಶಾಖೆಯಾಗಿ ಹುಟ್ಟಿದ ದಪ್ಪ ಮೈಯ 16760, 1989ರಿಂದ 2007ರವರೆಗಿನ 16710, ಅದರ ಬೆನ್ನಿಗೆ ಸಿರಾಮಿಕ್ ಬೆಜೆಲಿನ (ಡಯಲಿನ ಸುತ್ತ ತಿರುಗುವ, ಇಪ್ಪತ್ತನಾಲ್ಕು ಗಂಟೆಯ ಅಂಕೆಗಳಿರುವ ಬಳೆಯ) 116710, 2018ರಿಂದೀಚೆಗೆ 126710. ಕೊಳ್ಳುವವರು ಸಾಮಾನ್ಯವಾಗಿ ಬಣ್ಣ ನೋಡುತ್ತಾರೆ, ಕೆಂಪು-ನೀಲಿಯೋ ಕೆಂಪು-ಕಪ್ಪೋ ಎಂದು. ಇನ್ನು ಕೆಲವರು ಡಯಲಿನ ಮೇಲಿನ ಅಕ್ಷರದ ಗಾತ್ರ ಅಳೆಯುತ್ತಾರೆ. ನಾನು ನೋಡಿ ಎನ್ನುವುದು ಒಂದೇ ವಿಷಯವನ್ನು: ಬೆಜೆಲ್ ತಿರುಗಿಸಿದರೆ ಅದು ಎಲ್ಲೆಲ್ಲಿ ನಿಲ್ಲುತ್ತದೆ?

ದುಬೈ, ಅಬುಧಾಬಿ, ಮಸ್ಕತ್ ನಮಗಿಂತ ಒಂದೂವರೆ ಗಂಟೆ ಹಿಂದೆ. ದೋಹಾ, ಕುವೈತ್, ಬಹ್ರೈನ್, ಸೌದಿ ಎರಡೂವರೆ ಗಂಟೆ ಹಿಂದೆ. ನಮ್ಮೂರಿನವರು ದುಡಿಯುವ ಕೊಲ್ಲಿಯ ಒಂದೇ ಒಂದು ದೇಶದ ಜೊತೆಗೂ ನಮಗೆ ಪೂರ್ತಿ ಗಂಟೆಯ ಲೆಕ್ಕವಿಲ್ಲ. ದುಬೈಗೂ ನಮಗೂ ಇರುವ ಅಂತರ ಸುಮಾರು ಒಂದು ರಾಹುಕಾಲದಷ್ಟು. ಪಂಚಾಂಗದ ಲೆಕ್ಕದಲ್ಲಿ ಹೇಳುವುದಾದರೆ ಮೂರೂಮುಕ್ಕಾಲು ಗಳಿಗೆ. ಗಂಟೆ ಗಂಟೆಗೆ ಮಾತ್ರ ಜಿಗಿಯುವ ವಾಚು ಈ ಅಂತರವನ್ನು ಹಿಡಿಯಲಾರದು. ಗ್ರೀನಿಚ್ಚಿಗೂ ನಮಗೂ ಐದೂವರೆ ಗಂಟೆ ಇರುವುದರಿಂದ, ಗ್ರೀನಿಚ್ಚಿನ ಹೆಸರನ್ನೇ ಹೊತ್ತ ಅಂಥ ವಾಚು ಭಾರತೀಯನ ಕೈಯಲ್ಲಿ ಗ್ರೀನಿಚ್ ಹೊತ್ತನ್ನು ತೋರಿಸುವಾಗಲೂ ಅರ್ಧ ಗಂಟೆ ನಾವೇ ಕೂಡಿಸಿಕೊಳ್ಳಬೇಕು.

ಹೊಸ ಸಿರಾಮಿಕ್ ಬೆಜೆಲು ಒಂದು ಸುತ್ತಿಗೆ ಇಪ್ಪತ್ತನಾಲ್ಕು ಸಲ ಟಿಕ್ಕೆನ್ನುತ್ತದೆ, ಗಂಟೆಗೊಂದರಂತೆ. ಕೆಲಸಗಾರಿಕೆ ಅದ್ಭುತ, ಬೆರಳಿಗೆ ಹಿತ, ಗೀರು ಬೀಳುವುದಿಲ್ಲ, ಬಣ್ಣ ಮಾಸುವುದಿಲ್ಲ. ಆದರೆ ಒಂದೂವರೆ ಗಂಟೆಯಲ್ಲಿ ಅದು ನಿಲ್ಲದು. ಒಂದರಲ್ಲಿ ನಿಲ್ಲುತ್ತದೆ, ಇಲ್ಲವೇ ಎರಡರಲ್ಲಿ. ಅದಕ್ಕೂ ಹಿಂದಿನ 16710ರಲ್ಲಿ ಸುತ್ತಿಗೆ 120 ಟಿಕ್. ಅಂದರೆ ಒಂದು ಟಿಕ್ಕಿಗೆ ಹನ್ನೆರಡು ನಿಮಿಷ, ಸರಿಯಾಗಿ ಅರ್ಧ ಗಳಿಗೆ. ದುಬೈಗೆ ಏಳೂವರೆ ಟಿಕ್ ಬೇಕು; ಏಳಕ್ಕೋ ಎಂಟಕ್ಕೋ ನಿಲ್ಲಿಸಿದರೆ ಆರು ನಿಮಿಷದ ತಪ್ಪು, ದಿನಕ್ಕೊಂದೇ ಸುತ್ತು ಬರುವ ಬಾಣದ ಮುಳ್ಳಿನಲ್ಲಿ ಕಣ್ಣಿಗೆ ಗೊತ್ತಾಗದಷ್ಟು. ಇನ್ನೂ ಹಿಂದಿನ 1675, 16750 ಎರಡರಲ್ಲೂ ಟಿಕ್ಕೇ ಇಲ್ಲ. ಬೆಜೆಲ್ ಬಿಗಿಯಾಗಿ, ಆದರೆ ಎಲ್ಲಿ ಬೇಕೆಂದರೆ ಅಲ್ಲಿ ನಿಲ್ಲುವಂತೆ ತಿರುಗುತ್ತದೆ. ಬಲಕ್ಕೆ ಒಂದೂವರೆ ಗಂಟೆ ಸರಿಸಿ ಬಿಟ್ಟರೆ ಉದ್ದನೆಯ ಮುಳ್ಳುಗಳಲ್ಲಿ ಮಂಗಳೂರು, ಬಾಣದ ಮುಳ್ಳಿನಲ್ಲಿ ದುಬೈ. ಪ್ಯಾನ್ ಆಮ್‌ನ ಭೂಪ್ರದಕ್ಷಿಣೆಯ ಹಾರಾಟ ಕಲ್ಕತ್ತಕ್ಕೂ ಬರುತ್ತಿತ್ತು; ನಮ್ಮ ಅರ್ಧ ಗಂಟೆಯನ್ನು ಆ ಪೈಲಟ್‌ಗಳೂ ಕಂಡವರೇ. ಅವರಿಗೆ ಕೊಟ್ಟ ಉಪಕರಣಕ್ಕೆ ಈ ಸಾಮರ್ಥ್ಯ ಇತ್ತು. ಸುಧಾರಣೆ ಮಾಡುತ್ತಾ ಹೋದ ಹಾಗೆ ಅದು ಕಳೆದುಹೋಯಿತು.

ಇಲ್ಲಿ ಒಂದು ಹಳೆಯ ಜಗಳ ಮುಗಿಸಬೇಕು. ಗಂಟೆಯ ಮುಳ್ಳು ಒಂದೊಂದೇ ಗಂಟೆ ಸ್ವತಂತ್ರವಾಗಿ ಜಿಗಿಯುವ ವಾಚುಗಳು ಮಾತ್ರ ನಿಜವಾದ ಪ್ರಯಾಣದ ವಾಚು, ಉಳಿದವು ಮನೆಯಲ್ಲಿ ಕುಳಿತು ಫೋನು ಮಾಡುವವರದ್ದು ಎಂದು ಒಂದು ಪಂಥ ಕೆಲವು ವರ್ಷಗಳಿಂದ ಹೇಳುತ್ತಾ ಬಂದಿದೆ. ಫೋನು ಮಾಡುವವರನ್ನು ಕೆಳಗಿಡುವ ಈ ಮಾತು ನನಗೆ ಯಾವತ್ತೂ ಹಿಡಿಸಿಲ್ಲ. ನಮ್ಮ ಕರಾವಳಿಯಲ್ಲಿ ಎರಡು ಊರಿನ ಹೊತ್ತು ನಿಜವಾಗಿ ಬೇಕಾದದ್ದು ಫೋನು ಮಾಡುವವರಿಗೇ. ಎಸ್‌ಟಿಡಿ ಬೂತಿನ ಮುಂದೆ ಸಾಲು ನಿಂತು, ಅಲ್ಲಿ ಈಗ ಪಾಳಿ ಮುಗಿದಿರಬಹುದೇ, ಶುಕ್ರವಾರದ ನಮಾಜಿನ ಹೊತ್ತೇ ಎಂದು ಬೆರಳೆಣಿಸಿದ ತಾಯಂದಿರು ಪ್ರತಿ ಬೀದಿಯಲ್ಲೂ ಇದ್ದರು. 2006ರಲ್ಲಿ ಮಂಗಳೂರಿನ ಬಜ್ಪೆ ನಿಲ್ದಾಣದಿಂದ ನೇರ ದುಬೈ ವಿಮಾನ ಶುರುವಾಗುವವರೆಗೆ ಮುಂಬಯಿಗೆ ಬಸ್ಸಿನಲ್ಲೋ ರೈಲಿನಲ್ಲೋ ಹೋಗಿ ಹತ್ತಬೇಕಿತ್ತು. ವರ್ಷಕ್ಕೊಮ್ಮೆ, ಎರಡು ವರ್ಷಕ್ಕೊಮ್ಮೆ ಬರುವವರಿಗೆ ಮುಳ್ಳು ಜಿಗಿಸುವ ಸೌಕರ್ಯ ದೊಡ್ಡದಲ್ಲ. ಉಳಿದ ದಿನಗಳಲ್ಲಿ ಇನ್ನೊಂದು ಊರಿನ ಹೊತ್ತು ಕಣ್ಣೆದುರು ಇರುವುದೇ ದೊಡ್ಡದು. ನಮ್ಮ ಓದುಗರು ಇರುವುದು ಶಕ್ತಿನಗರದಲ್ಲಿ, ನೋಡಬೇಕಾದದ್ದು ದುಬೈಯ ಹೊತ್ತು. 16750 ಮಾಡುವುದು ಅದನ್ನೇ.

ಇನ್ನೊಂದು ಪಂಥದವರು ಪೆಟ್ಟಿಗೆ, ಕಾಗದಪತ್ರ, ಮೂಲ ಬಿಲ್ಲು, ನೇತಾಡುವ ಚೀಟಿ ಎಲ್ಲವೂ ಇದ್ದರೆ ಮಾತ್ರ ಮುಟ್ಟಿ ಎನ್ನುತ್ತಾರೆ. ಮಾರ್ಲನ್ ಬ್ರಾಂಡೊ 'ಅಪೋಕಲಿಪ್ಸ್ ನೌ' ಚಿತ್ರದಲ್ಲಿ ಕಟ್ಟಿದ್ದ 1675ರಲ್ಲಿ ಬೆಜೆಲೇ ಇರಲಿಲ್ಲ. ಹಿಂಬದಿಯಲ್ಲಿ ಆತ ತನ್ನ ಹೆಸರನ್ನು ತಾನೇ ಕೊರೆದಿದ್ದ. 2019ರ ಡಿಸೆಂಬರಿನಲ್ಲಿ ನ್ಯೂಯಾರ್ಕಿನ ಫಿಲಿಪ್ಸ್ ಹರಾಜಿನಲ್ಲಿ ಅದಕ್ಕೆ 19 ಲಕ್ಷ ಡಾಲರಿಗೂ ಮೀರಿದ ಬೆಲೆ ಬಂತು. ಅದು ನಟನ ಹೆಸರಿಗೆ ಬಂದ ಬೆಲೆ ಎನ್ನಬಹುದು, ನಿಜ. ಆದರೂ ವಾಚು ಯಾರ ಕೈಯಲ್ಲಿ ಏನು ಮಾಡಿತ್ತು ಎಂಬುದು ರಟ್ಟಿನ ಪೆಟ್ಟಿಗೆಗಿಂತ ಹೆಚ್ಚು ತೂಗುತ್ತದೆ ಎಂದು ನಾನು ನಂಬಿದ್ದೇನೆ. ಕಾಗದ ನಕಲಿ ಮಾಡುವುದು ಡಯಲ್ ನಕಲಿ ಮಾಡುವುದಕ್ಕಿಂತ ಸುಲಭ.

ಈ ಅರ್ಧ ಗಂಟೆಯನ್ನು ಇಷ್ಟು ಹೊತ್ತು ನಮ್ಮದು ಎಂದೆ. ಅದು ನಮ್ಮದಲ್ಲ. ತಲೆಮಾರಿನ ಲೆಕ್ಕವನ್ನು ಸ್ವಲ್ಪ ಬದಿಗಿಟ್ಟು ಇದನ್ನು ಹೇಳಲೇಬೇಕು.

ಶಕ್ತಿನಗರದ ರೇಖಾಂಶ ಹೆಚ್ಚುಕಡಿಮೆ 74.9 ಡಿಗ್ರಿ. ಡಿಗ್ರಿಗೆ ನಾಲ್ಕು ನಿಮಿಷದಂತೆ ಗುಣಿಸಿದರೆ ಗ್ರೀನಿಚ್ಚಿಗಿಂತ ಐದು ಗಂಟೆ ಮುಂದೆ, ಅರ್ಧ ನಿಮಿಷ ಮಾತ್ರ ಕಡಿಮೆ. ಸೂರ್ಯನನ್ನು ಕೇಳಿದರೆ ಮಂಗಳೂರು ಪೂರ್ತಿ ಗಂಟೆಯ ಊರು! ಅರ್ಧ ಗಂಟೆ ಬಂದದ್ದು 82.5 ಡಿಗ್ರಿಯ ರೇಖೆಯಿಂದ, ಉತ್ತರದಲ್ಲಿ ಮಿರ್ಜಾಪುರದ ಬಳಿ, ದಕ್ಷಿಣದಲ್ಲಿ ಕಾಕಿನಾಡದ ಬಳಿ ಹಾದುಹೋಗುವ ರೇಖೆಯಿಂದ. ಆ ರೇಖೆಯ ಹೊತ್ತು ಇಡೀ ದೇಶದ ಹೊತ್ತಾದದ್ದು 1906ರ ಜನವರಿ 1ರಂದು. ಅದಕ್ಕೆ ಮೊದಲು ರೈಲುಗಳಿಗೆ ಮದ್ರಾಸಿನ ಹೊತ್ತು, ಬೊಂಬಾಯಿಗೆ ಬೊಂಬಾಯಿಯ ಹೊತ್ತು. ಬೊಂಬಾಯಿಯವರು ಹೊಸ ಹೊತ್ತನ್ನು ದಶಕಗಳ ಕಾಲ ಮನಸಾರೆ ಒಪ್ಪಲಿಲ್ಲ. ಮದ್ರಾಸ್ ಪ್ರಾಂತ್ಯದ ದಕ್ಷಿಣ ಕನ್ನಡದ ಸೂರ್ಯ ಎರಡರ ನಡುವೆ ಇದ್ದ, ಮದ್ರಾಸಿಗಿಂತ ಇಪ್ಪತ್ತೊಂದೋ ಇಪ್ಪತ್ತೆರಡೋ ನಿಮಿಷ ಹಿಂದೆ, ಬೊಂಬಾಯಿಗಿಂತ ಎಂಟೊಂಬತ್ತು ನಿಮಿಷ ಮುಂದೆ. ಮಂಗಳೂರಿಗೆ ರೈಲು ತಲುಪಿದ್ದು 1907ರಲ್ಲಿ. ಅಷ್ಟರಲ್ಲಿ ಹೊಸ ಗಂಟೆ ಜಾರಿಯಾಗಿತ್ತು.

ಇದರ ಫಲ ನಮ್ಮ ಗೋಡೆಯ ಕ್ಯಾಲೆಂಡರಿನಲ್ಲಿದೆ. ಸೋಮವಾರ ರಾಹುಕಾಲ ಏಳೂವರೆಯಿಂದ ಒಂಬತ್ತು ಎಂಬ ಸಿದ್ಧ ಪಟ್ಟಿ, ಸೂರ್ಯ ಆರಕ್ಕೆ ಹುಟ್ಟಿ ಆರಕ್ಕೆ ಮುಳುಗುತ್ತಾನೆ ಎಂದು ಎಣಿಸಿ ಮಾಡಿದ್ದು. ಮಂಗಳೂರಿನಲ್ಲಿ ಸೂರ್ಯೋದಯ ಮೇ ಕೊನೆಗೆ ಆರರ ಹತ್ತಿರ, ಜನವರಿ ಕೊನೆಗೆ ಏಳರ ಹತ್ತಿರ, ಸರಾಸರಿ ಆರೂವರೆ. ನಡುಹಗಲು ಸರಾಸರಿ ಹನ್ನೆರಡೂವರೆಗೆ, ನವೆಂಬರ್ ಮೊದಲಲ್ಲಿ ಹನ್ನೆರಡೂಕಾಲರ ಸುಮಾರಿಗೆ, ಫೆಬ್ರವರಿ ನಡುವಿನಲ್ಲಿ ಹನ್ನೆರಡೂಮುಕ್ಕಾಲರ ಸುಮಾರಿಗೆ. ಸ್ಥಳದ ಸೂರ್ಯೋದಯ ಹಿಡಿದು ಗಣಿಸುವ ಪಂಚಾಂಗದವರಿಗೆ ಇದು ಗೊತ್ತು. ಸಿದ್ಧ ಪಟ್ಟಿ ನೋಡುವ ಮನೆಗಳಲ್ಲಿ ರಾಹುಕಾಲ ಅರ್ಧ ಗಂಟೆ ಬೇಗ ಬಂದು ಬೇಗ ಹೋಗುತ್ತದೆ. ಟಿಕ್ ಇಲ್ಲದ ಹಳೆಯ ಬೆಜೆಲನ್ನು ಅರ್ಧ ಗಂಟೆ ಬಲಕ್ಕೆ ತಿರುಗಿಸಿ ನೋಡಿ: ಬಾಣದ ಮುಳ್ಳು ಮಂಗಳೂರಿನ ಸೂರ್ಯನ ಹೊತ್ತನ್ನು ತೋರಿಸುತ್ತದೆ, ಆ ಪಟ್ಟಿಯೂ ಬಹುಮಟ್ಟಿಗೆ ಸರಿಯಾಗುತ್ತದೆ. ಮನುಷ್ಯ ಮಾಡಿದ ಗಂಟೆ ಉದ್ದನೆಯ ಮುಳ್ಳುಗಳಲ್ಲಿ, ಆಕಾಶದ ಗಂಟೆ ಬಾಣದಲ್ಲಿ. ನನಗೆ ಈ ವಾಚಿನ ಎಲ್ಲ ಉಪಯೋಗಗಳಲ್ಲಿ ಇದೇ ಹೆಚ್ಚು ಇಷ್ಟ. ಅಷ್ಟು ಹಣವಿಲ್ಲದವರಿಗೂ ದಾರಿ ಇದೆ: 2018ರ ಟ್ಯೂಡರ್ ಬ್ಲ್ಯಾಕ್ ಬೇ ಜಿಎಂಟಿಯ ಬೆಜೆಲಿಗೆ 48 ಟಿಕ್, ಅರ್ಧ ಗಂಟೆಗೊಂದು, ದುಬೈಗೆ ಮೂರು, ದೋಹಾಕ್ಕೆ ಐದು, ಸೂರ್ಯನಿಗೆ ಒಂದು. 2022ರಲ್ಲಿ ಬಂದ ಸೀಕೊ 5 ಜಿಎಂಟಿಯ ಬೆಜೆಲಿಗೂ ಟಿಕ್ ಇಲ್ಲ, ಬೆಲೆಯಂತೂ ರೋಲೆಕ್ಸಿನ ಮುಂದೆ ಲೆಕ್ಕಕ್ಕಿಲ್ಲ.

ಇನ್ನು ಪ್ರಶ್ನೆಗೆ ಉತ್ತರ. 6542 ಬೇಡ. ಅದರ ಬೇಕಲೈಟ್ ಬೆಜೆಲ್ ಬಿರುಕು ಬಿಡುತ್ತದೆ, ಅಂಕೆಗಳಲ್ಲಿ ರೇಡಿಯಂ ಇದೆ. ಹೊಳಪು ಎಂದೋ ಸತ್ತಿದ್ದರೂ ವಿಕಿರಣ ಸತ್ತಿಲ್ಲ, ರೇಡಿಯಂ ಅರ್ಧಕ್ಕಿಳಿಯಲು ಸಾವಿರದ ಆರುನೂರು ವರ್ಷ ಬೇಕು. 1675 ಚೆಲುವಿನಲ್ಲಿ ಎಲ್ಲಕ್ಕಿಂತ ಮೇಲು. ಆದರೆ ತಾರೀಖು ಬದಲಿಸಬೇಕಾದರೆ ಮುಳ್ಳುಗಳನ್ನೇ ಸುತ್ತಿಸುತ್ತಾ ಕೂರಬೇಕು, ನೀರು ತಡೆಯುವ ಶಕ್ತಿಯೂ ಕಡಿಮೆ. 16750ರಲ್ಲಿ ತಾರೀಖು ಬೇಗ ಬದಲಾಗುತ್ತದೆ, ಹೊಸದಿದ್ದಾಗ ಅದಕ್ಕೆ ನೂರು ಮೀಟರ್ ಆಳದ ಭರವಸೆ ಇತ್ತು, ಬೆಜೆಲ್ ಮಾತ್ರ ಹಳೆಯ ಹಾಗೆಯೇ ಸ್ವತಂತ್ರ. ಸಂಗ್ರಾಹಕರು ಎರಡು ಪ್ರಸಿದ್ಧ ತಲೆಮಾರುಗಳ ನಡುವೆ ಇದನ್ನು ದಾಟಿಹೋಗುತ್ತಾರೆ. ನಮಗೆ ಇದೇ ಸರಿ.

ತರುವಾಗ ಮೊದಲ ವರ್ಷಗಳ ಮ್ಯಾಟ್ ಡಯಲಿನದ್ದನ್ನು ಹುಡುಕಲಿ. ಆಮೇಲಿನ ಹೊಳೆಯುವ ಡಯಲುಗಳಲ್ಲಿ ಮೆರುಗಿನ ಪದರ ಜೇಡರಬಲೆಯ ಹಾಗೆ ಒಡೆದಿರುವುದುಂಟು. ಡಯಲಿನ ಕೆಳತುದಿಯಲ್ಲಿ ಸ್ವಿಸ್ ಎಂಬುದರ ಪಕ್ಕ ಟಿ ಅಕ್ಷರವಿದ್ದರೆ ಟ್ರಿಟಿಯಂ. ಅದು ಹನ್ನೆರಡು ಚಿಲ್ಲರೆ ವರ್ಷಕ್ಕೊಮ್ಮೆ ಅರ್ಧವಾಗುವ ವಸ್ತು, ಇಷ್ಟು ಹೊತ್ತಿಗೆ ಕತ್ತಲಲ್ಲಿ ಬೆಳಗಬಾರದು. ಚೆನ್ನಾಗಿ ಬೆಳಗಿದರೆ ಯಾರೋ ಮತ್ತೆ ಬಳಿದಿದ್ದಾರೆ ಎಂದೇ ಅರ್ಥ. ಕೊಲ್ಲಿಯ ಪೇಟೆಯಲ್ಲಿ ಡಯಲಿನ ಮೇಲೆ ಎಮಿರೇಟ್ಸಿನ ಗಿಡುಗ, ಓಮಾನಿನ ಖಂಜರ್ ಮುದ್ರೆ ಇರುವ ವಾಚುಗಳು ಕಣ್ಣಿಗೆ ಬೀಳುತ್ತವೆ. ಅಸಲಿ ಮುದ್ರೆ ಇತಿಹಾಸವೇ ಸರಿ, ಆದರೆ ಆಮೇಲೆ ಅಚ್ಚೊತ್ತಿದವು ತುಂಬಾ. ಚೈನು ಬಿಚ್ಚಿಸಿ, ಅದು ಸಿಕ್ಕಿಕೊಳ್ಳುವ ಕಿವಿಗಳ ನಡುವೆ ಹನ್ನೆರಡರ ಕಡೆ ಮಾದರಿ ಸಂಖ್ಯೆ, ಆರರ ಕಡೆ ಕ್ರಮಸಂಖ್ಯೆ ಓದಲಿ. ಬಜ್ಪೆಯಲ್ಲಿ ಇಳಿದಾಗ ಕಸ್ಟಮ್ಸಿನಲ್ಲಿ ಹೇಳಿ, ಸುಂಕ ಕಟ್ಟಿ, ರಸೀದಿ ಇಟ್ಟುಕೊಳ್ಳಲಿ.

ವರ್ಷಕ್ಕೆ 3,500 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಊರಿದು. ಹಳೆಯ ವಾಚಿನ ರಬ್ಬರ್ ಬದಲಾಯಿಸದೆ, ಒತ್ತಡದ ಪರೀಕ್ಷೆ ಮಾಡಿಸದೆ ಆಷಾಢದಲ್ಲಿ ಕಟ್ಟಬಾರದು. ಬೆಜೆಲಿನ ಅಡಿಯಲ್ಲಿ ಹಳೆಯ ಬೆವರಿನ ಉಪ್ಪು ಗಟ್ಟಿಯಾಗಿ ಅದು ತಿರುಗದೆ ಕೂತಿದ್ದರೆ ಬಲ ಹಾಕಬೇಡಿ, ಬಿಚ್ಚಿ ತೊಳೆಯಲು ರಿಪೇರಿಯವರ ಕೈಗೆ ಕೊಡಿ. ಮೇಲಿನ ಅಲ್ಯೂಮಿನಿಯಂ ತಗಡು ತೆಳು. ಒಮ್ಮೆ ಬಾಗಿದರೆ ನೆಟ್ಟಗಾಗುವುದಿಲ್ಲ, ಆ ಕಾಲದ ಅಸಲಿ ಬದಲಿ ತಗಡಿಗೆ ಕೊಡುವ ಹಣದಲ್ಲಿ ಒಂದು ಒಳ್ಳೆಯ ಹೊಸ ವಾಚೇ ಬರುತ್ತದೆ.